ಬೌಷರ್‌ಗೆ ಅಜ್ಜಿಯ ಸವಾರಿ

ಅಜ್ಜಿಯ ಸಹಸ್ರಚಂದ್ರ ದರ್ಶನ ಶಾಂತಿಗೆ ಊರಿನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಅವರ ಮಗಳೊಬ್ಬಳಿಗೆ ಮಾತ್ರ ಬರಲಾಗಲಿಲ್ಲ. ಮಸ್ಕತ್‌ನಲ್ಲಿ ಟೀಚರ್ ಆಗಿರುವ ನನ್ನ ಅತ್ತೆಗೆ ಅದು ಪರೀಕ್ಷೆಯ ಸಮಯ. ಸಾವಿರ ಹುಣ್ಣಿಮೆ ತುಂಬುವುದು ಎಂಬತ್ತು ವರ್ಷ ಹತ್ತು ತಿಂಗಳ ಆಸುಪಾಸಿನಲ್ಲಿ. ಅದನ್ನು ಮಕ್ಕಳ ರಜೆಗೆ ಹೊಂದಿಸಿಕೊಂಡು ಮುಂದೆ ಹಾಕುವಂತಿರಲಿಲ್ಲ. ಮೊಬೈಲಿನಲ್ಲೇ ಆರತಿ ನೋಡಿ ಅತ್ತೆ ಕಣ್ಣೊರೆಸಿಕೊಂಡರು. ಅಂದು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ, "ಅವಳಿಗೆ ಬರ್ಲಿಕ್ಕೆ ಆಗದಿದ್ರೆ ನಾನೇ ಹೋಗ್ತೇನೆ. ಅವಳ ಮನೆ ನಾನು ನೋಡಿಯೇ ಇಲ್ಲ" ಎಂದರು. ಪಾಸ್‌ಪೋರ್ಟ್, ವೀಸಾ ಆಗುವಷ್ಟರಲ್ಲಿ ಡಿಸೆಂಬರ್ ಬಂತು. ಜೊತೆಗೆ ಹೊರಟವನು ನಾನು.

ಮಂಗಳೂರಿನಿಂದ ಮಸ್ಕತ್‌ಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ದಾರಿ. ಇಳಿದ ಮೇಲೆ ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ಅತ್ತೆಯ ಮನೆ ಇರುವ ಬೌಷರ್ ಮಸ್ಕತ್ ಪ್ರಾಂತ್ಯದ ಒಂದು ವಿಲಾಯತ್ತು, ಅಂದರೆ ನಮ್ಮ ತಾಲೂಕಿನ ಹಾಗೆ. ಘುಬ್ರಾ, ಅಝೈಬಾ, ಘಲಾ, ಖುವೈರ್ ಎಲ್ಲ ಅದರೊಳಗೇ ಬರುತ್ತವೆ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ, ನಡುವೆ ಬಿಳಿ ಬಿಳಿ ಕಟ್ಟಡಗಳು. "ಮರವೇ ಇಲ್ಲದ ಗುಡ್ಡ! ಇಲ್ಲಿ ನೀರು ಎಲ್ಲಿಂದ ಬರ್ತದೆ?" ಅಡಿಕೆ ತೋಟದಲ್ಲೇ ಬಾಳಿದ ಅಜ್ಜಿ ಕಾರಿನಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

ಮಾವ ಇಲ್ಲಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ಮದುವೆಯಾದ ಮೇಲೆ ಅತ್ತೆಯೂ ಬಂದರು. ಅವರ ಕಾಗದ ಬಂದರೆ ಓದಿ ಹೇಳುವ ಕೆಲಸ ನನ್ನದಾಗಿತ್ತು. ಒಮ್ಮೆ ಓದಿದರೆ ಅಜ್ಜಿಗೆ ಸಾಲದು. ಹಟ್ಟಿಯ ಕೆಲಸ ಮುಗಿಸಿ ಬಂದು ಇನ್ನೊಮ್ಮೆ ಓದಿಸುತ್ತಿದ್ದರು. ಉತ್ತರವನ್ನೂ ಅವರು ಹೇಳಿದಂತೆಯೇ ಬರೆಯಬೇಕಿತ್ತು: ಕೆಂಪಿ ಕರು ಹಾಕಿದ್ದು, ಅಡಿಕೆಗೆ ಕೊಳೆರೋಗ ಬಂದದ್ದು, ಪಕ್ಕದ ಮನೆಯ ಹುಡುಗಿಗೆ ಗಂಡು ಗೊತ್ತಾದದ್ದು. ಕೊನೆಗೆ ತಪ್ಪದೆ, "ಹೊಟ್ಟೆ ತುಂಬ ಊಟ ಮಾಡು." ಓದಿದ ಕಾಗದಗಳೆಲ್ಲ ಅಡುಗೆಮನೆಯ ಬಾಗಿಲ ಹಿಂದಿನ ತಂತಿಗೆ ಸೇರುತ್ತಿದ್ದವು.

ಈಗ ಆ ಸುದ್ದಿಗಳನ್ನೆಲ್ಲ ತಾಯಿ ಮಗಳು ಎದುರುಬದುರು ಕೂತು ಹೊಸದಾಗಿ ಹೇಳಿಕೊಂಡರು. ಫೋನಿನಲ್ಲಿ ಎಷ್ಟೋ ಸಲ ಆಗಿಹೋದ ಮಾತುಗಳೇ. ಆದರೂ ಮಗಳ ಕೈ ಹಿಡಿದುಕೊಂಡು ಹೇಳುವಾಗ ಅಜ್ಜಿಗೆ ಫೋನಿನಲ್ಲಿ ನೆನಪಾಗದ ನೂರು ವಿಷಯ ನೆನಪಾದವು. ಇನ್ನೊಂದು ಸಂತೋಷವೆಂದರೆ ಭಾಷೆ. ಕೇರಳದ ಗಡಿಯಲ್ಲಿ ಹುಟ್ಟಿದ ಅಜ್ಜಿಗೆ ಕನ್ನಡ, ತುಳುವಿನ ಜೊತೆ ಮಲಯಾಳವೂ ಬರುತ್ತದೆ. ಮನೆ ಕೆಳಗಿನ ಅಂಗಡಿಯವರು ಮಲಯಾಳಿಗಳು. ಎರಡನೇ ಬೆಳಿಗ್ಗೆಯೇ ಅಜ್ಜಿ ಅಲ್ಲಿ ಬಸಳೆಗೆ ಚೌಕಾಸಿ ಮಾಡುತ್ತಿದ್ದರು.

ಸುಲ್ತಾನ್ ಖಾಬೂಸ್ ಮಹಾಮಸೀದಿ ಇರುವುದೂ ಬೌಷರ್‌ನಲ್ಲೇ. 2001ರಲ್ಲಿ ತೆರೆದ ಇದಕ್ಕೆ ಭಾರತದಿಂದಲೇ ಮೂರು ಲಕ್ಷ ಟನ್ ಮರಳುಗಲ್ಲು ಹೋಗಿದೆ. ಬೇರೆ ಧರ್ಮದವರಿಗೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಪ್ರವೇಶ ಉಂಟು. ಹೆಂಗಸರು ತಲೆ, ತೋಳು ಮುಚ್ಚಿಕೊಳ್ಳಬೇಕು. ಅಜ್ಜಿ ಉದ್ದ ತೋಳಿನ ರವಿಕೆ ತೊಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು ಒಳಗೆ ಬಂದರು. ಹದಿನಾಲ್ಕು ಮೀಟರ್ ಎತ್ತರದ ತೂಗುದೀಪವನ್ನು ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರೆ ಅಜ್ಜಿಯ ಕಣ್ಣು ನೆಲದ ಜಮಖಾನದ ಮೇಲೆ. ಇರಾನಿನ ಆರುನೂರು ಹೆಂಗಸರು ನಾಲ್ಕು ವರ್ಷ ಕೂತು ಗಂಟು ಹಾಕಿ ನೇಯ್ದದ್ದು, 21 ಟನ್ ತೂಕ ಎಂದು ಹೇಳಿದೆ. ಗಾಲಿಕುರ್ಚಿಯಿಂದ ಬಾಗಿ ಅಂಚನ್ನೇ ನೋಡುತ್ತಾ, "ಅವರ ಬೆನ್ನು ಎಷ್ಟು ನೋಯ್ತೋ ಏನೋ" ಎಂದರು.

ಆದರೆ ಈ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಹಳೆಯ ಬೌಷರ್. ಹೆದ್ದಾರಿ ಬಿಟ್ಟು ಬೆಟ್ಟದ ಬುಡಕ್ಕೆ ಹೋದರೆ ಖರ್ಜೂರದ ತೋಟಗಳು, ಬೈತ್ ಅಲ್ ಮಖಾಮ್ ಎಂಬ ಎತ್ತರದ ಹಳೆಯ ಮಣ್ಣಿನ ಮನೆ, ತೋಟದ ಬದಿಯಲ್ಲಿ ಫಲಜ್‌ನ ಕಾಲುವೆ. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ನೆಲದಡಿಯಲ್ಲಿ ತುಸುವೇ ಇಳಿಜಾರಿನ ಸುರಂಗ ಕೊರೆದು, ಪಂಪಿಲ್ಲದೆ ಊರಿಗೆ ನೀರು ಹರಿಸುವ ಪದ್ಧತಿ ಇದು. ಊಟೆಯ ನೀರನ್ನೇ ನೇರ ಕಾಲುವೆಗೆ ಬಿಡುವುದೂ ಉಂಟು. ಕುಡಿಯುವ ನೀರಿಗೆ ಮೊದಲ ಪಾಲು, ತೋಟಕ್ಕೆ ಕೊನೆಗೆ. ತೋಟದವರು ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಅರ್ಧ ಗಂಟೆಯ ಪಾಲಿಗೆ ಒಂದು 'ಅಥರ್'. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಗೊತ್ತು ಮಾಡುತ್ತಿದ್ದರಂತೆ. ಒಮಾನಿನಲ್ಲಿ ಇಂಥ ಸುಮಾರು ಮೂರು ಸಾವಿರ ಫಲಜ್‌ಗಳು ಬಳಕೆಯಲ್ಲಿವೆ. ಬೇರೆ ಊರುಗಳ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಜ್ಜಿಗೆ ಇದನ್ನೆಲ್ಲ ವಿವರಿಸುವ ಅಗತ್ಯವೇ ಬೀಳಲಿಲ್ಲ. "ಇದು ನಮ್ಮ ಸುರಂಗದ ನೀರಲ್ವಾ ಮಗಾ!" ಎಂದರು. ನಮ್ಮ ಅಡ್ಯನಡ್ಕ, ಮಾಣಿಲ, ಪಡ್ರೆ ಕಡೆಯ ಗುಡ್ಡಗಳಲ್ಲಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಜಾಗದ ಸುರಂಗಗಳಿವೆ. ಮಸ್ಕತ್‌ನಲ್ಲಿ ವರ್ಷಕ್ಕೆ ಸುಮಾರು ನೂರು ಮಿಲಿಮೀಟರ್ ಮಳೆ, ನಮ್ಮಲ್ಲಿ ನಾಲ್ಕು ಸಾವಿರದ ಹತ್ತಿರ. ಆದರೂ ಮುರಕಲ್ಲಿನ ಗುಡ್ಡದ ಬೇಸಿಗೆ ಬೇಸಿಗೆಯೇ. ಗುಡ್ಡವನ್ನು ಒಬ್ಬರೇ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಜ್ಜಿಯ ಮಾವನೂ ತೋಟಕ್ಕೆ ಸುರಂಗ ಕೊರೆಸಿದವರು. ಮಣ್ಣನ್ನು ಅಡಿಕೆ ಹಾಳೆಯಲ್ಲಿ ಹೊತ್ತು ಹೊರಗೆ ಹಾಕಿದ್ದು, ಮೊದಲ ನೀರು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬಂದ ದಿನ ಪಾಯಸ ಮಾಡಿದ್ದು, ಎಲ್ಲವನ್ನೂ ಅಜ್ಜಿ ಆ ಕಾಲುವೆಯ ಕಟ್ಟೆಯ ಮೇಲೆ ಕೂತು ಹೇಳಿದರು. ಅತ್ತೆಗೂ ಪಾಯಸದ ಸಂಗತಿ ಗೊತ್ತಿರಲಿಲ್ಲ. ತೋಟದ ಮುದುಕರೊಬ್ಬರು ಖರ್ಜೂರವನ್ನೂ ಏಲಕ್ಕಿ ಹಾಕಿದ ಕಹ್ವಾ ಕಾಫಿಯನ್ನೂ ತಂದುಕೊಟ್ಟರು. ಸಾಕು ಎನ್ನಲು ಬಟ್ಟಲನ್ನು ಆಚೀಚೆ ಅಲ್ಲಾಡಿಸಬೇಕು ಎಂದು ಕೈಸನ್ನೆಯಲ್ಲಿ ತೋರಿಸಿಯೂ ಕೊಟ್ಟರು. ಅಜ್ಜಿ ಬಟ್ಟಲು ಅಲ್ಲಾಡಿಸಿದ್ದು ಮೂರನೆಯದು ಕುಡಿದಾದ ಮೇಲೆ.

ಶುಕ್ರವಾರ ಇಲ್ಲಿ ವಾರದ ರಜೆ. ಅತ್ತೆಯ ಮನೆಯಲ್ಲಿ ನಮ್ಮ ಕಡೆಯ ನಾಲ್ಕಾರು ಕುಟುಂಬ ಸೇರಿತು. ಅಜ್ಜಿಯನ್ನು ಮಣೆಯ ಬದಲು ಕುರ್ಚಿಯಲ್ಲಿ ಕೂರಿಸಿ, ಹೂ ಮುಡಿಸಿ, ಅತ್ತೆ ಆರತಿ ಎತ್ತಿದರು. ತಮ್ಮ ಅಜ್ಜಿಯಂದಿರನ್ನು ಫೋನಿನಲ್ಲಷ್ಟೇ ಕಾಣುವ ಮಕ್ಕಳು ಸಾಲಾಗಿ ಬಂದು ಕಾಲಿಗೆ ಬಿದ್ದರು. ಪ್ರತಿಯೊಬ್ಬರ ತಲೆಯ ಮೇಲೂ ಕೈಯಿಟ್ಟು, ಹೆಸರು ಕೇಳಿ, ಯಾವ ಊರಿನವರ ಮಗು ಎಂದು ವಿಚಾರಿಸಿಯೇ ಅಜ್ಜಿ ಮುಂದಿನವರನ್ನು ಕರೆದದ್ದು. ಬಾಳೆಲೆಯಲ್ಲಿ ಹಲಸಿನ ಹಪ್ಪಳ, ಮೆಣಸ್ಕಾಯಿ, ಹಾಲುಪಾಯಸ.

ಗಲ್ಫ್‌ನಲ್ಲಿ ಮಕ್ಕಳಿರುವವರಲ್ಲಿ ನನ್ನದೊಂದು ಕೋರಿಕೆ. ಮಕ್ಕಳು ರಜೆಗೆ ಬರಲಿ ಎಂದು ಹಿರಿಯರನ್ನು ವರ್ಷವಿಡೀ ಕಾಯಿಸಬೇಡಿ. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಹವೆ ಹಿತವಾಗಿರುತ್ತದೆ, ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಸಿಗುತ್ತದೆ. ಡಾಕ್ಟರು ಒಪ್ಪಿದರೆ, ಕಾಲಲ್ಲಿ ಶಕ್ತಿ ಇರುವಾಗಲೇ ಒಮ್ಮೆ ಅವರನ್ನು ಮಗಳ ಮನೆಗೆ ಕರೆದುಕೊಂಡು ಹೋಗಿ.