ಗಂಟಲಿಗಿಳಿದ ಹೊಸ ಅಕ್ಕಿ

ನಾಲಿಗೆಯ ಬುಡದಲ್ಲಿರುವುದು ಕ್ಯಾನ್ಸರ್ ಎಂದು ವೈದ್ಯರು ಹೇಳಿದಾಗ ಮಳೆಗಾಲ ಹತ್ತಿರ ಬಂದಿತ್ತು. ಕಿರಿಮಂಜೇಶ್ವರದಲ್ಲಿ ನಮ್ಮದು ಸಣ್ಣ ಹೆಂಚಿನ ಮನೆ, ಸ್ವಲ್ಪ ಗದ್ದೆ. ಆ ವರ್ಷ ಗದ್ದೆಯನ್ನು ಆಚೆಮನೆಯವರಿಗೆ ಒಪ್ಪಿಸಿ, ವಾರಕ್ಕೆ ಐದು ದಿನ ರೇಡಿಯೇಷನ್ನಿಗೆಂದು ಮಣಿಪಾಲಕ್ಕೆ ಹೊರಟೆ. ಹೆದ್ದಾರಿಯಲ್ಲಿ ಹೆಚ್ಚುಕಡಿಮೆ 60 ಕಿ.ಮೀ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಭೋರ್ಗರೆಯುವ ಕಡಲು. ಬಸ್ಸಿನಲ್ಲಿ ಕಣ್ಣೆತ್ತಿ ನೋಡುವ ತ್ರಾಣವೂ ನನಗಿರಲಿಲ್ಲ.

ದಿನ ಕಳೆದಂತೆ ಬಾಯಿಯೊಳಗೆಲ್ಲ ಹುಣ್ಣಾಯಿತು. ಗಂಟಲಲ್ಲಿ ಕೆಂಡ ಇಟ್ಟ ಹಾಗೆ ಉರಿ. ಜೊಲ್ಲು ಒಣಗಿತು, ರುಚಿ ಹೋಯಿತು, ಉಗುಳು ನುಂಗುವುದೇ ಕಷ್ಟವಾಯಿತು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಆಚೆಮನೆಯ ಅಕ್ಕ ಬಾಗಿಲಲ್ಲಿ ನಿಂತು, “ಬಾಯಮ್ಮ, ಹೆದ್ರ್‌ಬೇಡಿ, ಗಂಜಿ ನಾನ್ ತತ್ತೆ” ಎಂದರು. ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ ತರುತ್ತಿದ್ದರು. ನಮ್ಮವರು ಅದನ್ನು ಸಿರಿಂಜಿನಲ್ಲಿ ತುಂಬಿ ನಿಧಾನವಾಗಿ ಬಿಡುತ್ತಿದ್ದರು. ಹೊಟ್ಟೆ ಬೆಚ್ಚಗಾಗುತ್ತಿತ್ತು, ನಾಲಿಗೆಗೆ ಏನೂ ತಿಳಿಯುತ್ತಿರಲಿಲ್ಲ.

ಸಂಜೆಯ ಜಪಸರಕ್ಕೆ ಕೂತರೆ ಮಾತು ಹೊರಡುತ್ತಿರಲಿಲ್ಲ. “ದೇವರೇ, ನನಗೇ ಯಾಕೆ?” ಎಂದು ಒಳಗೊಳಗೇ ಅಳುತ್ತಿದ್ದೆ. ಒಂದು ಸಂಜೆ ನಮ್ಮವರು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಓದಿದರು. ಸೆರೆಯಲ್ಲಿದ್ದು ಬರೆದ ಪತ್ರ ಅದು. ಆದರೂ ಅದರಲ್ಲಿ ಮತ್ತೆ ಮತ್ತೆ ಬರುವುದು ಸಂತೋಷದ ಮಾತು. ಬಿಡುಗಡೆಯಾಗುವ ಮೊದಲೇ ಆ ಮನುಷ್ಯ ಸಂತೋಷಪಟ್ಟಿದ್ದಾರಲ್ಲ ಎಂಬುದು ನನ್ನ ಮನಸ್ಸಿಗೆ ನಾಟಿತು. ಅಂದಿನಿಂದ ಜಪಸರದ ಒಂದೊಂದು ಮಣಿ ಹಿಡಿದು, ಮನಸ್ಸಿನಲ್ಲೇ ಒಂದೊಂದಕ್ಕೆ ವಂದನೆ ಹೇಳತೊಡಗಿದೆ: ಸೋಸಿದ ಗಂಜಿಗೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗನಿಗೆ, ನೋವಿಲ್ಲದೆ ನಿದ್ದೆ ಬಂದ ಒಂದು ಗಂಟೆಗೆ. ಉರಿ ಕಡಿಮೆಯಾಗಲಿಲ್ಲ. ಆದರೆ ಬೆಳಗಾದರೆ ಏಳಬೇಕು ಅನ್ನಿಸತೊಡಗಿತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊತ್ತಿಗೆ ಚಿಕಿತ್ಸೆ ಮುಗಿದು ನಳಿಕೆ ತೆಗೆದಿದ್ದರು. ಮಾತೆ ಮರಿಯಮ್ಮನ ಜನ್ಮದಿನವೂ ಹೊಸ ತೆನೆಯ ಹಬ್ಬವೂ ಒಂದೇ ದಿನ ನಮಗೆ. ಆ ಹಬ್ಬದಲ್ಲಿ ನಮ್ಮ ಸಮುದಾಯದ ಹಳೆಯ ಕಷ್ಟ ನೆನಪಾಯಿತು: 1784ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣಕ್ಕೆ ಒಯ್ದ ಕರಾವಳಿಯ ಕ್ರೈಸ್ತರಲ್ಲಿ ಅನೇಕರು ಸೆರೆಯಲ್ಲೇ ಸತ್ತರು. 1799ರಲ್ಲಿ ಬಿಡುಗಡೆಯಾದವರು ಊರಿಗೆ ಮರಳಿ ಬದುಕು ಕಟ್ಟಿಕೊಂಡರು. ಅಷ್ಟೆಲ್ಲ ಕಳೆದುಕೊಂಡವರೂ ಕೈಗೆ ಬಂದ ತೆನೆಗೆ ಕೃತಜ್ಞತೆ ಹೇಳುವುದನ್ನು ಬಿಡಲಿಲ್ಲ. ನಮ್ಮ ಮನೆಯವರೂ ಅಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಭತ್ತ ಸುಲಿದು, ಅಕ್ಕಿ ಪುಡಿಮಾಡಿ, ತೆಂಗಿನ ಹಾಲಿಗೆ ಬೆರೆಸಿದರು. ಮನೆಯ ಹಿರಿಯರಾದ ಅತ್ತೆ ಎಲ್ಲರಿಗೂ ಹಂಚಿ, ನನ್ನ ಬಾಯಿಗೂ ಒಂದು ಚಮಚ ಹಾಕಿದರು. ಉರಿಯಿತು, ಕಣ್ಣಲ್ಲಿ ನೀರು ಬಂತು, ಆದರೆ ಇಳಿಯಿತು. ನಾಲಿಗೆಯ ತುದಿಗೆ ತೆಂಗಿನ ಹಾಲಿನ ಸಣ್ಣ ಸಿಹಿ ತಾಗಿತು. ಅಂದು ಸಂಜೆ ನನ್ನ ದನಿಯಲ್ಲೇ ಜಪಸರ ಹೇಳಿದೆ.

ಈಗಲೂ ಬಾಯಿ ಒಣಗುತ್ತದೆ, ನೀರಿನ ಬಾಟಲಿ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಖಾರದ ಮೀನು ಸಾರು ಆಗುವುದಿಲ್ಲ. ತಪಾಸಣೆಗೆ ಹೋಗುವ ಮುನ್ನಾದಿನ ಭಯವೂ ಆಗುತ್ತದೆ. ಆದರೂ ಊಟಕ್ಕೆ ಮೊದಲು ಶಿಲುಬೆಯ ಗುರುತು ಹಾಕುವಾಗ ಹೇಳುವ ವಂದನೆ ನನಗೆ ಬರಿಯ ಅಭ್ಯಾಸವಾಗಿ ಉಳಿದಿಲ್ಲ.

ಕಷ್ಟದಲ್ಲಿರುವವರಿಗೆ ನಾನು ಹೇಳುವುದಿಷ್ಟೇ: ಗುಣವಾದ ಮೇಲೆ ದೇವರಿಗೆ ವಂದನೆ ಹೇಳೋಣವೆಂದು ಕಾಯಬೇಡಿ, ಇವತ್ತು ಸಿಕ್ಕಿದ್ದಕ್ಕೆ ಇವತ್ತೇ ಹೇಳಿ. ಪಕ್ಕದ ಮನೆಯಲ್ಲಿ ಹುಷಾರಿಲ್ಲದವರಿದ್ದರೆ ಒಂದು ಲೋಟ ಗಂಜಿ ಮಾಡಿಕೊಂಡು ಹೋಗಿ. ಯಾರದೋ ಸಂಜೆಯ ಪ್ರಾರ್ಥನೆಯಲ್ಲಿ ನೀವಿರುತ್ತೀರಿ.