ಕೈಗೆಟಕುವ ಎತ್ತರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿ ಹೋದರು. ಅದು ಉದ್ದದ ಮಾತಾಯಿತು. ಹಾಸಿಗೆ ನೆಲದಿಂದ ಎಷ್ಟು ಎತ್ತರ ಇರಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಎನ್ನಿ. ನಡುಮನೆಯ ಉದ್ದಕ್ಕೂ ಜಮಖಾನ ಹಾಸಿ, ಹೊದೆಯಲು ಕೌದಿ ಕೊಟ್ಟರೆ ಏಳೆಂಟು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ನೆಲದ ಮೇಲೆ ಮಲಗಿದವರು ಬೀಳುವುದಾದರೂ ಎಲ್ಲಿಗೆ? ಮಂಚವೆನ್ನುವುದು ಹೊಸದಾಗಿ ಮದುವೆಯಾದವರಿಗೆ, ಬಾಣಂತಿಗೆ, ಇಲ್ಲವೇ ಕಾಯಿಲೆಯ ಅಜ್ಜನಿಗೆ. ಅಟ್ಟವೆನ್ನುವುದು ಹುಣಸೆಹಣ್ಣಿನ ಮಡಕೆಗೆ, ಈರುಳ್ಳಿಗೆ, ಮುಂದಿನ ಕೂಸಿಗಾಗಿ ಕಾದಿರುವ ಹಳೆಯ ತೊಟ್ಟಿಲಿಗೆ. ಅಟ್ಟವನ್ನೂ ಮಂಚವನ್ನೂ ಒಂದು ಮಾಡಿ ಅದರ ಮೇಲೆ ಮಗುವನ್ನು ಮಲಗಿಸಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ಮನೆಯ ಹಿರಿಯರು ಅವರ ತಲೆ ಸರಿಯಿದೆಯೇ ಎಂದು ನೋಡುತ್ತಿದ್ದರು.

ಈಗ ಅದೇ ಬಂದಿದೆ. ಲಾಫ್ಟ್ ಬೆಡ್ ಎಂದು ಅದರ ಹೆಸರು. ನಾನು ಅಟ್ಟಮಂಚ ಎನ್ನುತ್ತೇನೆ. ನಾಲ್ಕು ಎತ್ತರದ ಕಾಲು, ಮೇಲೆ ಹಲಗೆ, ಅದರ ಮೇಲೆ ಹಾಸಿಗೆ, ಹತ್ತಲು ಒಂದು ಏಣಿ. ಬಂಕ್ ಬೆಡ್ಡಿನಲ್ಲಿ ಕೆಳಗೂ ಒಂದು ಹಾಸಿಗೆ ಇರುತ್ತದೆ. ಇದರಲ್ಲಿ ಕೆಳಗಿನ ಜಾಗ ಖಾಲಿ. ಅಲ್ಲಿ ಓದುವ ಮೇಜೋ ಬಟ್ಟೆಯ ಕಪಾಟೋ ಆಟಿಕೆಯ ಪೆಟ್ಟಿಗೆಯೋ ಕೂರುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಮಲಗುವ ಕೋಣೆ, ದೇವರ ಕೋಣೆ, ಗಾಡಿ ನಿಲ್ಲಿಸುವ ಜಾಗ ಎಲ್ಲವೂ ಆಗಬೇಕು ಎಂದರೆ ಮಕ್ಕಳ ಪಾಲಿಗೆ ಉಳಿಯುವುದು 10 ಅಡಿ ಉದ್ದ 10 ಅಡಿ ಅಗಲದ ಕೋಣೆ. ನೆಲದಲ್ಲಿ ಜಾಗವಿಲ್ಲದವರು ಮೇಲಕ್ಕೆ ನೋಡುವುದು ಸಹಜವೇ.

ದಾವಣಗೆರೆಯಲ್ಲಿರುವ ಮಗನ ಮನೆಯಲ್ಲಿ ಈ ಮಂಚದ ಮಾತು ಎದ್ದದ್ದು ಮೊಮ್ಮಗಳಿಂದ. ಅವಳಿಗೆ ಏಳು ವರ್ಷ, ತಮ್ಮನಿಗೆ ಮೂರು. ಒಂದೇ ಕೋಣೆ. ಅವಳ ಬಣ್ಣದ ಕಡ್ಡಿಗಳನ್ನು ಅವನು ಮುರಿಯುತ್ತಾನೆ, ನೋಟ್‌ಬುಕ್ಕಿನ ಮೇಲೆ ಗೀಚುತ್ತಾನೆ, ಬೊಂಬೆಯ ಕೈ ಕಿತ್ತಿಡುತ್ತಾನೆ. "ಅವನು ಚಿಕ್ಕವನು, ನೀನೇ ಸುಮ್ಮನಿರು" ಎಂಬ ಮಾತನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಒಂದು ದಿನ ಅಪ್ಪನ ಮೊಬೈಲಿನಲ್ಲಿ ಅಟ್ಟಮಂಚದ ಚಿತ್ರ ನೋಡಿ, "ನನಗೆ ಇದು ಬೇಕು. ನನ್ನದು ಅಂತ ಒಂದು ಜಾಗ ಬೇಕು" ಎಂದಳು.

ಆ ಮಾತು ನನ್ನನ್ನು ತಟ್ಟಿತು. ನಮ್ಮ ತಲೆಮಾರಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಹೀಗೆ ಬಾಯಿಬಿಟ್ಟು ಕೇಳಿದ್ದೆವು? ನನ್ನದು ಎನ್ನುವ ಒಂದು ಟ್ರಂಕು ಸಿಕ್ಕಿದ್ದೇ ಮದುವೆಯಲ್ಲಿ. ಅದರ ಬೀಗದ ಕೈ ಕೂಡ ಹೆಚ್ಚು ದಿನ ನನ್ನ ಬಳಿ ಉಳಿಯಲಿಲ್ಲ. ಆದ್ದರಿಂದ ಮಂಚ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಹೋಗಲಿಲ್ಲ. ಎಷ್ಟು ಎತ್ತರ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಅದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಮೊಮ್ಮಗಳಿಗೆ ಸೂರು ಮುಟ್ಟುವಷ್ಟು ಬೇಕು. ರೈಲಿನಲ್ಲಿ ನೋಡಿ, ಮಕ್ಕಳಿಗೆಲ್ಲ ಮೇಲಿನ ಬರ್ತೇ ಬೇಕು. 45 ದಾಟಿದ ಹೆಂಗಸರಿಗೆ ರೈಲ್ವೆಯವರು ಸಾಧ್ಯವಾದಷ್ಟೂ ಕೆಳಗಿನ ಬರ್ತನ್ನೇ ಕೊಡುತ್ತಾರೆ. ಯಾವ ವಯಸ್ಸಿಗೆ ಯಾವ ಎತ್ತರ ಎಂದು ಅವರಿಗಾದರೂ ಗೊತ್ತಿದೆ! ಮಗ 6 ಅಡಿ ಎಂದ. ಕೆಳಗೆ ಮೇಜು ಹಾಕಿ ಅವಳು ಓಡಾಡಬೇಕು, ಬೆಳೆದ ಮೇಲೂ ತಲೆ ತಾಗಬಾರದು ಎಂಬುದು ಅವನ ಲೆಕ್ಕ. ಬಡಗಿ ಹೂಂ ಎಂದ. ಸೊಸೆ ಮಾತ್ರ ಏನೂ ಹೇಳದೆ ಒಗೆದ ಬಟ್ಟೆ ಮಡಿಸುತ್ತಿದ್ದಳು.

ನಾನು ಮೇಷ್ಟರಮ್ಮ ಅಲ್ಲವೇ, ಟೇಪು ಪೆನ್ಸಿಲು ಹಿಡಿದು ಕೂತೆ. ಮೊದಲು ಮೇಲಿನಿಂದ ಕೆಳಗೆ ಅಳೆದೆವು. ನೆಲದಿಂದ ಸೂರಿಗೆ 10 ಅಡಿ. ಮಗ ಹೇಳಿದಂತೆ 6 ಅಡಿಗೆ ಹಲಗೆ ಹಾಕಿ ಅದರ ಮೇಲೆ 4 ಅಂಗುಲದ ಹಾಸಿಗೆ ಹಾಸಿದರೆ ಮೇಲೆ ಉಳಿಯುವುದು 3 ಅಡಿ 8 ಅಂಗುಲ. ಮೊಮ್ಮಗಳನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂರಿಸಿ ತಲೆಯ ಮಟ್ಟಕ್ಕೆ ಗೆರೆ ಎಳೆದೆ. 2 ಅಡಿ 2 ಅಂಗುಲ. ದೊಡ್ಡವಳಾದಾಗ ಇನ್ನು ಅರ್ಧ ಅಡಿ ಸೇರಿಸಿಕೊಂಡರೂ ಕೂತು ಓದಲು ಅಡ್ಡಿಯಿಲ್ಲ. ಈ ಮಟ್ಟಿಗೆ ಮಗನ ಲೆಕ್ಕ ಸರಿ. ಆದರೆ ಎಲ್ಲರ ಮನೆಯ ಸೂರೂ 10 ಅಡಿ ಇರುವುದಿಲ್ಲ. ವಾಸದ ಕೋಣೆ 2.75 ಮೀಟರಿಗೆ, ಅಂದರೆ ಸುಮಾರು 9 ಅಡಿಗೆ ಕಡಿಮೆ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 9 ಅಡಿಯ ಕೋಣೆಯಲ್ಲಿ ಇದೇ ಮಂಚ ಹಾಕಿದರೆ ಬೆಳೆದ ಹುಡುಗಿ ಕೂತಾಗ ತಲೆ ಸೂರಿಗೆ ತಾಗುತ್ತದೆ. ಅಂಗಡಿಯಲ್ಲಿ ಮಂಚ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅಂಗಡಿಯ ಸೂರು ಎತ್ತರ.

ಆಮೇಲೆ ಕಣ್ಣು ಹೋದದ್ದು ಸೀಲಿಂಗ್ ಫ್ಯಾನಿನ ಮೇಲೆ. ಚಿತ್ರದಲ್ಲಿದ್ದ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ. ನಮ್ಮ ಊರಿನಲ್ಲಿ ಫ್ಯಾನಿಲ್ಲದ ಕೋಣೆ ಉಂಟೇ? ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ರೆಕ್ಕೆಯ ತುದಿಯಿಂದ ತುದಿಗೆ 4 ಅಡಿಯ ಫ್ಯಾನು. 10 ಅಡಿ ಕೋಣೆಯ ನಟ್ಟನಡುವೆ ಅದು ತಿರುಗಿದರೆ ರೆಕ್ಕೆಯ ತುದಿಯಿಂದ ಗೋಡೆಗೆ 3 ಅಡಿ. ಗೋಡೆಗೆ ತಾಗಿಸಿ ಇಡುವ ಮಂಚದ ಅಗಲವೂ 3 ಅಡಿ! ಎಂದರೆ ರೆಕ್ಕೆ ಮಂಚದ ಅಂಚಿನ ನೇರಕ್ಕೆ ತಿರುಗುತ್ತದೆ. ಮಗು ನಿದ್ದೆಗಣ್ಣಿನಲ್ಲಿ ಎದ್ದು ಕೈ ಚಾಚಿದರೆ ಏನಾದೀತು ಎಂದು ನೆನೆದು ನನ್ನ ಮೈ ನಡುಗಿತು. ಮಂಚವನ್ನು ಎರಡು ಅಡಿ ಇಳಿಸಿದರೂ ಈ ಭಯ ಹೋಗುವುದಿಲ್ಲ, ಏಕೆಂದರೆ ಮಕ್ಕಳು ಹಾಸಿಗೆಯ ಮೇಲೆ ಬರೀ ಮಲಗುವುದಿಲ್ಲ, ಕುಣಿಯುತ್ತಾರೆ. ಆದ್ದರಿಂದ ಮಂಚ ಎಷ್ಟೇ ಎತ್ತರ ಇರಲಿ, ಆ ಕೋಣೆಯ ಸೀಲಿಂಗ್ ಫ್ಯಾನನ್ನು ತೆಗೆಯಲೇಬೇಕು ಎಂದು ತೀರ್ಮಾನವಾಯಿತು. ಅದರ ಬದಲು ಎದುರು ಗೋಡೆಗೆ ಜಾಲರಿಯಿರುವ ಗೋಡೆ ಫ್ಯಾನು ಬಂತು.

ಸೂರಿನ ಇನ್ನೊಂದು ಗುಣವನ್ನು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಆರ್‌ಸಿಸಿ ಸೂರು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ಕೋಣೆಯೊಳಗೆ ಬಿಡುತ್ತದೆ. ಬಿಸಿಗಾಳಿ ಮೇಲೇರಿ ಸೂರಿನ ಕೆಳಗೇ ನಿಲ್ಲುತ್ತದೆ. ಹಾಸಿಗೆ ಮೇಲೇರಿದಷ್ಟೂ ಸೆಕೆ ಹೆಚ್ಚು. ಸೊಳ್ಳೆಪರದೆ ಕಟ್ಟುವುದಕ್ಕೂ ತಲೆಯ ಮೇಲೆ ಜಾಗ ಬೇಕು. ಕೆಳಗೆ ಒಂದು ಅಡಿ ಕಳೆದುಕೊಂಡರೆ ಮೇಲೆ ಒಂದು ಅಡಿ ಗಾಳಿ ಸಿಗುತ್ತದೆ.

ಬೀಳುವ ಮಾತಿಗೆ ಬರೋಣ. ತರಗತಿಯಲ್ಲಿ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬಂದ ಮಕ್ಕಳನ್ನು ಎಷ್ಟೋ ವರ್ಷ ನೋಡಿದ್ದೇನೆ. ಎತ್ತರದ ಮಂಚದಿಂದ ಬಿದ್ದೆ ಎಂದ ಮಕ್ಕಳಲ್ಲಿ ಹೆಚ್ಚಿನವರು ನಿದ್ದೆಯಲ್ಲಿ ಬಿದ್ದವರಲ್ಲ, ಹಗಲಲ್ಲಿ ಆಡುತ್ತಾ ಬಿದ್ದವರು. ಅಮೆರಿಕದಲ್ಲಿ ಬಂಕ್ ಮಂಚಗಳಿಗೆಂದೇ ಸರ್ಕಾರದ ಕಡ್ಡಾಯ ನಿಯಮ 2000ದಿಂದ ಜಾರಿಯಲ್ಲಿದೆ. ಆರು ವರ್ಷ ತುಂಬದ ಮಗುವನ್ನು ಮೇಲಿನ ಹಾಸಿಗೆಗೆ ಹತ್ತಿಸಬಾರದು ಎಂಬ ಎಚ್ಚರಿಕೆ ಮಂಚದ ಮೇಲೇ ಇರಬೇಕು. ತಡೆಪಟ್ಟಿ ಹಾಸಿಗೆಯ ಮೇಲ್ಭಾಗಕ್ಕಿಂತ ಕನಿಷ್ಠ 5 ಅಂಗುಲ ಮೇಲಿರಬೇಕು. ಪಟ್ಟಿಗಳ ನಡುವಿನ ಸಂದು 3.5 ಅಂಗುಲಕ್ಕಿಂತ ಹೆಚ್ಚಿರಬಾರದು. ಸಂದು ದೊಡ್ಡದಾದರೆ ಮಗುವಿನ ಮೈ ಜಾರಿ ಹೊರಬಂದು ತಲೆ ಒಳಗೇ ಸಿಕ್ಕಿಕೊಳ್ಳುವ ಅಪಾಯವಿದೆ. ಇದನ್ನು ಓದಿದ ಮೇಲೆ ಗೋಡೆಯ ಕಡೆಯೂ ಪಟ್ಟಿ ಹಾಕಿಸಿದೆವು, ಮಂಚ ಮತ್ತು ಗೋಡೆಯ ನಡುವೆಯೂ ಸಂದು ಆದೀತೆಂದು. ಬಡಗಿ ತಡೆಪಟ್ಟಿಯ ಎತ್ತರವನ್ನು ಹಲಗೆಯಿಂದ ಅಳೆಯುತ್ತಿದ್ದ. "ಅಪ್ಪಾ, ಹಲಗೆಯ ಮೇಲೆ ಹಾಸಿಗೆ ಬರುತ್ತದೆ. ಅಲ್ಲಿಂದ ಅಳೆ" ಎಂದೆ. 6 ಅಂಗುಲದ ಪಟ್ಟಿಯಲ್ಲಿ 4 ಅಂಗುಲ ಹಾಸಿಗೆಯೇ ನುಂಗಿದರೆ ಉಳಿಯುವ 2 ಅಂಗುಲ ಯಾವ ಮಗುವನ್ನು ತಡೆದೀತು?

ಇಷ್ಟೆಲ್ಲ ಆದರೂ ಎತ್ತರ ಮಾತ್ರ ನಿರ್ಧಾರವಾಗಿರಲಿಲ್ಲ. ಆಗ ಸೊಸೆ ಬಾಯಿ ತೆರೆದಳು. "ಅತ್ತೆ, ರಾತ್ರಿ ಜ್ವರ ಬಂದರೆ ಹಣೆ ಮುಟ್ಟುವುದು ಹೇಗೆ?"

ಅಳತೆ ಹೇಳುವವರು ಒಬ್ಬರು, ಹಾಸಿಗೆ ಬಿಡಿಸುವವರು ಇನ್ನೊಬ್ಬರು. ಎಲ್ಲ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಮಗುವಿನ ಹೊದಿಕೆ ಸರಿಪಡಿಸುವವಳು, ಒದ್ದೆಯಾದ ಚಾದರ ಬದಲಿಸುವವಳು, ಹಾಸಿಗೆಯನ್ನು ಬಿಸಿಲಿಗೆ ಹಾಕುವವಳು ಅವಳು. ಅವಳ ಎತ್ತರ 5 ಅಡಿ 1 ಅಂಗುಲ. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೂಡಲೇ ಒಂದು ಪರೀಕ್ಷೆ ಮಾಡಿದೆವು. ಕಬ್ಬಿಣದ ಬೀರು ಸುಮಾರು ಆರೂವರೆ ಅಡಿ. ಮಗ ಹೇಳಿದ ಮಂಚದ ಹಾಸಿಗೆ ಹೆಚ್ಚು ಕಡಿಮೆ ಅಷ್ಟೇ ಎತ್ತರಕ್ಕೆ ಬರುತ್ತದೆ. ಬೀರುವಿನ ಮೇಲೆ ಒಂದು ದಿಂಬಿಟ್ಟು, "ಇದು ಮಗುವಿನ ತಲೆ ಅಂದುಕೋ, ಮುಟ್ಟು" ಎಂದೆ. ಸೊಸೆ ತುದಿಗಾಲಲ್ಲಿ ನಿಂತರೂ ಬೆರಳಿನ ತುದಿ ಬೀರುವಿನ ಅಂಚಿಗಷ್ಟೇ ತಾಗಿತು. ಆಮೇಲೆ ಅಡುಗೆಮನೆಯ ಒಂದು ಬಾಗಿಲಿನ ಫ್ರಿಜ್ಜಿನ ಮೇಲೆ ದಿಂಬಿಟ್ಟೆವು. ಅದು 4 ಅಡಿ. ನಿಂತಲ್ಲಿಂದಲೇ ಅವಳ ಕೈ ದಿಂಬಿನ ಆಚೆ ಅಂಚನ್ನೂ ಮುಟ್ಟಿತು. ದಿಂಬನ್ನು ಎತ್ತಿ, ತಿರುಗಿಸಿ, ಕವರು ಬದಲಿಸಿ ತೋರಿಸಿದಳು. ಮಗ ನಕ್ಕ. ಆದರೆ ವಾದ ಮಾಡಲಿಲ್ಲ.

ಕೆಳಗಿನ ಮಿತಿಯನ್ನು ಹೇಳಿಕೊಟ್ಟವನು ಮೂರು ವರ್ಷದ ಮೊಮ್ಮಗ. ಗೋಡೆಯ ಪಕ್ಕ ನಿಲ್ಲಿಸಿ ಕೈ ಎತ್ತಿಸಿದರೆ ಮೂರೂಮುಕ್ಕಾಲು ಅಡಿಗೆ ಬಂದ. ಹಾಸಿಗೆ ಅದಕ್ಕಿಂತ ಮೇಲಿರಬೇಕು, ಇಲ್ಲವಾದರೆ ಅಕ್ಕನ ನೋಟ್‌ಬುಕ್ಕಿಗೆ ಮತ್ತೆ ಅದೇ ಗತಿ. ತಮ್ಮನ ಕೈಗೆ ಎಟಕಬಾರದು, ಅಮ್ಮನ ಕೈಗೆ ಎಟಕಬೇಕು. ಎರಡರ ನಡುವೆ ಹಾಸಿಗೆಯ ಮೇಲ್ಭಾಗ 4 ಅಡಿಗೆ, ಹಲಗೆ 3 ಅಡಿ 8 ಅಂಗುಲಕ್ಕೆ ನಿಂತಿತು. ಹಿಂದಿನವರು ಗೇಣು, ಮೊಳ, ಮಾರು ಎಂದು ಮೈಯಿಂದಲೇ ಅಳೆಯುತ್ತಿದ್ದರಲ್ಲ, ನಾವು ಮಾಡಿದ್ದೂ ಅದನ್ನೇ.

ಈ ಎತ್ತರದಲ್ಲಿ ಕಳೆದುಕೊಂಡದ್ದೂ ಉಂಟು. ಕೆಳಗೆ ಮೇಜು ಕುರ್ಚಿ ಹಿಡಿಸಲಿಲ್ಲ. ಬದಲಿಗೆ ಎರಡು ಡ್ರಾಯರು, ಒಂದು ಚಾಪೆ, ಗಿಡ್ಡ ಕಾಲಿನ ಬರೆಯುವ ಮಣೆ. ನಮ್ಮ ಕಾಲದಲ್ಲಿ ಮಕ್ಕಳು ಓದಿದ್ದೂ ಹಾಗೆಯೇ. ಏಣಿಗೆ ದುಂಡನೆಯ ಕಂಬಿ ಬೇಡವೆಂದು ಚಪ್ಪಟೆಯ ನಾಲ್ಕು ಮೆಟ್ಟಿಲು ಮಾಡಿಸಿದೆವು. ಬರಿಗಾಲಿನಲ್ಲಿ ನಡುರಾತ್ರಿ ಬಚ್ಚಲಿಗೆ ಇಳಿಯುವ ಮಗುವಿಗೆ ಪಾದ ಊರಲು ಜಾಗ ಬೇಕು. ಸ್ವಿಚ್ಚು ಹಾಸಿಗೆಯಿಂದಲೇ ಕೈಗೆ ಸಿಗುವ ಒಂದು ಚಿಕ್ಕ ದೀಪವನ್ನೂ ಹಾಕಿಸಿದೆವು. ಏಣಿ ಕೊಕ್ಕೆಗೆ ಸಿಕ್ಕಿಸುವಂಥದು. ಅಕ್ಕ ಶಾಲೆಗೆ ಹೋದ ಮೇಲೆ ಅದನ್ನು ತೆಗೆದು ಬೇರೆ ಕೋಣೆಯಲ್ಲಿ ಇಡುತ್ತಾರೆ, ಇಲ್ಲದಿದ್ದರೆ ತಮ್ಮ ಹತ್ತದೆ ಬಿಡುವವನಲ್ಲ.

ಮಂಚ ಬಂದ ಮೊದಲ ವಾರವೇ ಮೊಮ್ಮಗಳು ತಡೆಪಟ್ಟಿಗೆ ಒಂದು ಕಾಗದ ಅಂಟಿಸಿದಳು. "ಕೇಳಿ ಬರಬೇಕು" ಎಂದು ಅದರಲ್ಲಿ ದುಂಡಗೆ ಬರೆದಿತ್ತು. ಅವಳ ಬಣ್ಣದ ಕಡ್ಡಿಗಳು ಈಗ ಪೂರ್ತಿ ಇವೆ. ತಮ್ಮನ ಜೊತೆ ಜಗಳವೂ ಕಡಿಮೆಯಾಗಿದೆ. ತನ್ನದೊಂದು ಜಾಗ ಗಟ್ಟಿಯಾದ ಮೇಲೆ ಹಂಚಿಕೊಳ್ಳುವುದು ಸುಲಭವಾಗುತ್ತದೆಯೋ ಏನೋ, ಅವನನ್ನು ತಾನೇ ಕರೆದು ಕೆಳಗಿನ ಚಾಪೆಯ ಮೇಲೆ ಕೂರಿಸಿ ಕಥೆ ಓದಿ ಹೇಳುತ್ತಾಳೆ.

ಮಳೆಗಾಲದಲ್ಲಿ ಅವಳಿಗೆ ಮೂರು ದಿನ ಜ್ವರ ಬಂತು. ಕೆಳಗೆ ನಮ್ಮ ಜೊತೆ ಮಲಗು ಎಂದರೆ ಒಪ್ಪಲಿಲ್ಲ. ಎರಡನೆಯ ರಾತ್ರಿ ನೀರಿಗೆಂದು ಎದ್ದವಳು ಬಾಗಿಲ ಸಂದಿನಿಂದ ನೋಡಿದೆ. ಸೊಸೆ ದೀಪ ಹಾಕದೆ ಮಂಚದ ಪಕ್ಕ ನಿಂತಿದ್ದಳು. ಒಂದು ಕೈ ಪಟ್ಟಿಯ ಮೇಲಿಂದ ಹೋಗಿ ಮಗುವಿನ ಹಣೆಯ ಮೇಲಿತ್ತು. ಏಣಿ ಕಿರುಗುಟ್ಟಲಿಲ್ಲ, ಮಗು ಎಚ್ಚರವಾಗಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಬಡಗಿ ಜಾಣ. ನಾಲ್ಕೂ ಕಾಲುಗಳಲ್ಲಿ ಬೋಲ್ಟಿಗೆ ಎರಡು ಸಾಲು ತೂತು ಕೊರೆದಿದ್ದಾನೆ. ಒಂದು ಈಗಿನ ಎತ್ತರಕ್ಕೆ, ಇನ್ನೊಂದು 5 ಅಡಿಗೆ. "ಹುಡುಗಿ ದೊಡ್ಡವಳಾದ ಮೇಲೆ ಏರಿಸಿಕೊಳ್ಳಿ ಅಮ್ಮಾ, ಕೆಳಗೆ ಮೇಜು ಹಿಡಿಸುತ್ತೆ" ಎಂದ. ನೀವು ಮಂಚ ಮಾಡಿಸುವುದಾದರೆ ಇದನ್ನು ಕೇಳಿ ಮಾಡಿಸಿ, ಖರ್ಚು ಹೆಚ್ಚಲ್ಲ. ಹನ್ನೆರಡು ಹದಿಮೂರರ ವಯಸ್ಸಿಗೆ ಮೊಮ್ಮಗಳೇ ಏರಿಸಿ ಎಂದು ಕೇಳುತ್ತಾಳೆ. ಆಗ ಅಮ್ಮನ ಕೈ ಹಣೆಯವರೆಗೆ ಸುಲಭವಾಗಿ ಹೋಗುವುದಿಲ್ಲ. ಜ್ವರ ಬಂದರೆ ಅವಳೇ ಹೇಳಬೇಕು, ಹೇಳುವಷ್ಟು ಸಲಿಗೆಯನ್ನು ನಾವು ಅಲ್ಲಿಯವರೆಗೆ ಉಳಿಸಿಕೊಂಡಿರಬೇಕು. ಸೊಸೆಗೆ ಇದನ್ನು ಹೇಳಿದೆ. ಅವಳು ಮೇಲಿನ ತೂತುಗಳ ಮೇಲೆ ಬೆರಳಾಡಿಸಿ, "ಇರಲಿ ಬಿಡಿ ಅತ್ತೆ, ಇನ್ನೂ ಐದು ವರ್ಷ ಇದೆ" ಎಂದಳು.