ತ್ರೈರಾಶಿ ಮತ್ತು ತಾಯ್ನುಡಿ

ಔರಾದ ತಾಲ್ಲೂಕಿನ ಶಾಲೆಯಲ್ಲಿ ನನ್ನ ಬಳಿ ತ್ರೈರಾಶಿ ಕಲಿತ ಹುಡುಗಿಯೊಬ್ಬಳು ಈಗ ಬೀದರ ನಗರದಲ್ಲಿ ಮಕ್ಕಳ ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕಿ. ಆ ಲೆಕ್ಕಕ್ಕೆ ಎಷ್ಟು ಭಾರವಿದೆಯೆಂಬುದು ಅವಳ ಮಾತಿನಿಂದ ತಿಳಿಯಿತು.

ಮಕ್ಕಳ ಮದ್ದಿನ ಅಳತೆ ತೂಕವನ್ನು ಅವಲಂಬಿಸಿದೆ. ವಾಂತಿಭೇದಿಯಿಂದ ಮೈಯ ನೀರು ತೀವ್ರವಾಗಿ ಬತ್ತಿದ, ವರ್ಷ ತುಂಬದ ಕೂಸಿಗೆ ಸಾಮಾನ್ಯವಾಗಿ ಮೊದಲ ಗಂಟೆಯಲ್ಲಿ ಕಿಲೋಗೆ 30 ಮಿಲಿಲೀಟರ್, ಮುಂದಿನ 5 ಗಂಟೆಗಳಲ್ಲಿ 70 ಮಿಲಿಲೀಟರ್ ದ್ರವವನ್ನು ನರಕ್ಕೆ ಏರಿಸುತ್ತಾರೆ. 6 ಕಿಲೋದ ಕೂಸಿಗೆ 180, ಅನಂತರ 420. ಬತ್ತಿದ ನರವನ್ನು ಹುಡುಕುತ್ತಲೇ ಅವಳು ವೈದ್ಯರು ಬರೆದುದನ್ನು ಮತ್ತೊಮ್ಮೆ ಗುಣಿಸಿ ನೋಡುತ್ತಾಳೆ. ದಶಮಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ಮದ್ದು ಹತ್ತು ಪಟ್ಟಾದೀತು. ಪಾಳಿ ಮುಗಿದ ಮೇಲೂ ಅಂಕಿಗಳು ನಿದ್ದೆಗೆಡಿಸುತ್ತವೆ ಎಂದಳು.

ಕೂಸು ತನ್ನ ನೋವನ್ನು ಹೇಳಲಾರದು. ಭಾಲ್ಕಿ, ಔರಾದ ಕಡೆಯ ತಾಯಂದಿರು ಮರಾಠಿಯಲ್ಲೋ ಲಂಬಾಣಿಯಲ್ಲೋ, ಬೀದರದವರು ಉರ್ದುವಿನಲ್ಲೋ ಅಳುತ್ತ ಹೇಳುವಾಗ ಅವಳಿಗೆ ಬೇಕಾದುದು ಮೂರೇ ಉತ್ತರ: ಮೂತ್ರ ಯಾವಾಗ ಆಯಿತು? ಹಾಲು ಕುಡಿಯುತ್ತಿದೆಯೇ? ಮನೆಯಲ್ಲಿ ಏನು ಕುಡಿಸಿದಿರಿ?

ಶಿಷ್ಯರೇ, ಬಂಧುಗಳೇ, ಔರಾದದಿಂದ ಬೀದರಕ್ಕೆ ಸುಮಾರು 40 ಕಿಲೋಮೀಟರ್. ಭೇದಿ ಆರಂಭವಾದೊಡನೆ, ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಪೂರ್ತಿ ಪೊಟ್ಟಣ ಕರಗಿಸಿ ಚಮಚದಿಂದ ಕುಡಿಸಿರಿ. ಎದೆಹಾಲನ್ನು ನಿಲ್ಲಿಸಬೇಡಿರಿ. ಕೂಸು ಮಂಕಾದರೆ 108ಕ್ಕೆ ಕರೆ ಮಾಡಿರಿ. ಆ ಮೂರು ಉತ್ತರಗಳನ್ನು ದಾರಿಯಲ್ಲೇ ನೆನಪಿಸಿಕೊಂಡಿರಿ.